ಟ್ರೇಲರ್ ಎಳೆಯುವ ಪಿಕಪ್ಪಿನ ಕಮಾನು ಪಟ್ಟಿ

ಬಂಡಿ ಮೂಕಿಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತೆ, ಅಲ್ಲವೇ? ಪಿಕಪ್ಪಿಗೆ ಎರಡು ಚಕ್ರದ ಟ್ರೇಲರ್ ಕಟ್ಟಿದಾಗಲೂ ಅಷ್ಟೆ. 1000 ಕಿಲೋ ಟ್ರೇಲರಾದರೆ ಸುಮಾರು 100ರಿಂದ 150 ಕಿಲೋ ಕೊಕ್ಕೆಯ ಮೇಲೆ ಕೂರುವಂತೆ ಹೇರಬೇಕು. ಹಿಂದಿನ ಕಮಾನು ಪಟ್ಟಿ ಸೋತಿದ್ದರೆ ಹಿಂಬದಿ ಕುಸಿದು ಮೂತಿ ಮೇಲೇಳುತ್ತೆ. ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗು, ಬ್ರೇಕು ಸರಿಯಾಗಿ ಹಿಡಿಯೋದಿಲ್ಲ.

ಬರಿಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಎಡಬಲದ ಎತ್ತರ ಅಳೆಯಿರಿ. ಒಂದು ಕಡೆ ತಗ್ಗಿದ್ದರೆ, ಪಟ್ಟಿ ಬಿರುಕು ಬಿಟ್ಟಿದ್ದರೆ, ಎರಡೂ ಕಡೆಯವನ್ನು ಜೊತೆಯಾಗಿ ಬದಲಿಸಿ. ಯೂ-ಬೋಲ್ಟು ಹೊಸದಿರಲಿ, ಕೆಲವು ದಿನ ಓಡಿಸಿ ಮತ್ತೆ ಬಿಗಿಸಿ.

ಹೆಚ್ಚಿನ ಪಟ್ಟಿ ಹಾಕಿಸಿದರೆ ಹಿಂಬದಿ ಎದ್ದೀತು. ಅಚ್ಚು, ಬ್ರೇಕು, ಟೈರುಗಳ ತಾಕತ್ತು ಮಾತ್ರ ಹೆಚ್ಚೋದಿಲ್ಲ. ಹೊರೆಯ ಮಿತಿ ಕಂಪನಿ ಬರೆದಷ್ಟೇ. ಗಾಡಿಯಲ್ಲಿ ಮನೆಮಂದಿಯೂ ಕೂತಿರ್ತಾರೆ, ಮರೀಬೇಡಿ.