ಹೊಳೆ ತುಂಬಿತು, ನದಿ ತುಂಬಿದಳು

ಮಳೆಗಾಲದಲ್ಲಿ ಗೋಕಾಕ ಜಲಪಾತದ ಎದುರು ನಿಂತವರ ಮಾತಿಗೆ ಕೊಂಚ ಕಿವಿಗೊಡಬೇಕು. ಸುಮಾರು 170 ಅಡಿ ಎತ್ತರದಿಂದ ಘಟಪ್ರಭೆಯ ಕೆಂಪು ನೀರು ಧುಮುಕುತ್ತಿರುತ್ತದೆ. ‘ಹೊಳಿ ತುಂಬೇತಿ ನೋಡೋ ತಮ್ಮಾ’ ಎಂದು ಮೂಡಲಗಿ ಕಡೆಯ ಹಿರಿಯರು ಮೊಮ್ಮಗನಿಗೆ ತೋರಿಸುತ್ತಾರೆ. ಅವರ ಪಕ್ಕದಲ್ಲೇ ನಿಂತ ಮರಾಠಿ ಮಾತಿನ ಹೆಣ್ಣುಮಗಳು ‘ನದಿ ಭರಲಿ’ ಎನ್ನುತ್ತಾಳೆ. ನೀರು ಒಂದೇ, ನೋಟ ಒಂದೇ. ಆದರೆ ಕನ್ನಡದ ಹೊಳೆ ‘ತುಂಬಿತು’, ಮರಾಠಿಯ ನದಿ ‘ತುಂಬಿದಳು’. ಹಾಗಾದರೆ ಇಬ್ಬರ ಮನಸ್ಸಿನಲ್ಲೂ ಹರಿಯುವ ಹೊಳೆ ಒಂದೇ ಏನು?

ಈ ಪ್ರಶ್ನೆಯನ್ನು ದೊಡ್ಡದಾಗಿ ಎತ್ತಿದವನು ಭಾಷೆಯನ್ನೇ ವೃತ್ತಿ ಮಾಡಿಕೊಂಡ ಪಂಡಿತನಲ್ಲ, ಅಮೆರಿಕದ ಬೆಂಕಿ ವಿಮಾ ಕಂಪನಿಯೊಂದರ ತಪಾಸಣಾಧಿಕಾರಿ ಬೆಂಜಮಿನ್ ಲೀ ವೋರ್ಫ್. ಬೆಂಕಿ ಅನಾಹುತಗಳ ಕಾರಣ ಹುಡುಕುತ್ತಿದ್ದ ಅವನಿಗೆ ಒಂದು ಸಂಗತಿ ಹೊಳೆಯಿತು. ತುಂಬಿದ ಪೆಟ್ರೋಲ್ ಡ್ರಮ್ಮುಗಳ ಹತ್ತಿರ ಜನ ಎಚ್ಚರದಿಂದಿರುತ್ತಾರೆ. ‘ಖಾಲಿ’ ಡ್ರಮ್ಮುಗಳ ಹತ್ತಿರ ಧಾರಾಳವಾಗಿ ಸಿಗರೇಟು ಸೇದುತ್ತಾರೆ. ಖಾಲಿ ಡ್ರಮ್ಮಿನಲ್ಲಿ ತುಂಬಿಕೊಂಡ ಆವಿ ಹೆಚ್ಚು ಅಪಾಯಕಾರಿ. ‘ಖಾಲಿ’ ಎಂಬ ಶಬ್ದವೇ ಅವರ ಎಚ್ಚರವನ್ನು ಕಳೆದಿತ್ತು ಎಂದು ವೋರ್ಫ್ ವಾದಿಸಿದ. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ಭಾಷೆಯಲ್ಲಿ ಕಾಲವನ್ನು ಹೇಳುವ ರೂಪಗಳೇ ಇಲ್ಲ, ಅವರ ಕಾಲಕಲ್ಪನೆಯೇ ಬೇರೆ ಎಂದೂ ಹೇಳಿದ. 1941ರಲ್ಲಿ ಅವನು ತೀರಿಹೋದ. ಎಕೆಹಾರ್ಟ್ ಮಲೋಟ್ಕಿ 1983ರಲ್ಲಿ ದಪ್ಪ ಗ್ರಂಥವನ್ನೇ ಬರೆದು ಹೋಪಿಯಲ್ಲಿ ಕಾಲದ ಮಾತು ಬೇಕಾದಷ್ಟಿದೆ ಎಂದು ತೋರಿಸಿದ. ಭಾಷೆ ನಮ್ಮನ್ನು ಕಟ್ಟಿಹಾಕುತ್ತದೆ ಎಂಬ ಮಾತಿಗೆ ಬಿದ್ದ ದೊಡ್ಡ ಪೆಟ್ಟು ಅದು.

ಲಿಂಗದ ವಿಷಯಕ್ಕೆ ಬರೋಣ. ಜರ್ಮನ್ ಭಾಷೆಯಲ್ಲಿ ಸೇತುವೆ ಸ್ತ್ರೀಲಿಂಗ, ಸ್ಪ್ಯಾನಿಷ್‌ನಲ್ಲಿ ಪುಲ್ಲಿಂಗ. ಜರ್ಮನರು ಸೇತುವೆಯನ್ನು ‘ಚೆಲುವಾದದ್ದು, ನಾಜೂಕಾದದ್ದು’ ಎಂದೂ ಸ್ಪ್ಯಾನಿಷ್ ಮಾತಿನವರು ‘ಬಲವಾದದ್ದು, ದೊಡ್ಡದು’ ಎಂದೂ ಬಣ್ಣಿಸುತ್ತಾರೆಂಬ ಪ್ರಯೋಗವೊಂದು ಬಹಳ ಹೆಸರು ಮಾಡಿತು. ಮುಂದೆ ಬೇರೆಯವರು ಮಾಡಿ ನೋಡಿದಾಗ ಪ್ರತಿಸಲವೂ ಅದೇ ಫಲ ಸಿಗಲಿಲ್ಲ. ಗೋಕಾಕ ಜಲಪಾತದ ಪ್ರಸಿದ್ಧ ತೂಗುಸೇತುವೆ ಕನ್ನಡಕ್ಕೆ ಗಂಡೂ ಅಲ್ಲ, ಹೆಣ್ಣೂ ಅಲ್ಲ. ನಮ್ಮಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಮರಾಠಿಯ ‘ಪೂಲ’ ಮಾತ್ರ ಗಂಡು.

ಹಾಗೆಂದು ಕನ್ನಡದವರಿಗೆ ಹೊಳೆ ಬರೀ ನಪುಂಸಕ ವಸ್ತುವೇ? ‘ಹೊಳಿ ತುಂಬೇತಿ’ ಎಂದ ಅದೇ ಅಜ್ಜಿ ಮರುಗಳಿಗೆ ‘ಗಂಗವ್ವ ತುಂಬ್ಯಾಳ’ ಎಂದು ಅರಿಷಿಣ ಕುಂಕುಮ ಹಿಡಿದು ಉಡಿ ತುಂಬಲು ಹೊರಡುತ್ತಾಳೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿ ಗೋಕಾಕಕ್ಕೆ ನೀರು ನುಗ್ಗಿದಾಗಲೂ ಹೊಳೆಯನ್ನು ಬೈದವರಿಗಿಂತ ಕೈಮುಗಿದವರು ಕಡಿಮೆಯಿರಲಾರರು. ವ್ಯಾಕರಣ ಬೇಡವೆಂದದ್ದನ್ನು ಭಕ್ತಿ ಇನ್ನೊಂದು ಬಾಗಿಲಿನಿಂದ ಒಳಗೆ ಕರೆದುಕೊಂಡಿತು.

ಇದಕ್ಕಿಂತ ಸೋಜಿಗದ ಸಂಗತಿ ಗಡಿಯಾಚೆ ಸಾಂಗ್ಲಿ ಬಳಿಯ ಕುಪವಾಡದಲ್ಲಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಭಾಷಾವಿಜ್ಞಾನಿಗಳ ನಡುವೆ ಜಗತ್ಪ್ರಸಿದ್ಧವಾದ ಊರು ಅದು. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಇದ್ದವು. ಶತಮಾನಗಳ ಕಾಲ ಒಂದೇ ಊರಲ್ಲಿ ಬಾಳಿ ನಾಲ್ಕರ ವಾಕ್ಯರಚನೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಶಬ್ದಕ್ಕೆ ಶಬ್ದ ಬದಲಿಸಿದರೆ ಸಾಕು, ಭಾಷೆ ಬದಲಾಗುತ್ತಿತ್ತು. ಆ ಊರಿನ ಮರಾಠಿ, ಉರ್ದುಗಳು ಲಿಂಗದಲ್ಲಿ ಕನ್ನಡದ ದಾರಿ ಹಿಡಿದಿದ್ದವು: ಮನುಷ್ಯರಲ್ಲದ್ದಕ್ಕೆ ಹೆಣ್ಣು ಗಂಡಿನ ಗೊಡವೆ ಇಲ್ಲ. ಆದರೂ ಮನೆಮಾತುಗಳು ಬೇರೆಬೇರೆಯಾಗಿಯೇ ಉಳಿದವು. ಸಂತೆಯಲ್ಲಿ ಒಂದೇ ಅಚ್ಚಿನಲ್ಲಿ ಮಾತಾಡಿದವರು ಮನೆಯಲ್ಲಿ ತಾವು ಬೇರೆ ಎಂಬುದನ್ನು ಬಿಟ್ಟುಕೊಟ್ಟಿರಲಿಲ್ಲ.

ಶಬ್ದಸಂಪತ್ತಿನ ಮಾತು ಬೇರೆ. ಮೂಡಲಗಿಯ ದನದ ಸಂತೆಗೆ ಹೋದರೆ ಕರು, ಮಣಕ, ಹೋರಿ, ಎತ್ತು ಎಂಬ ಭೇದವಲ್ಲದೆ ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು ಎಂಬ ವಯಸ್ಸಿನ ಲೆಕ್ಕವೂ ಕಿವಿಗೆ ಬೀಳುತ್ತದೆ. ಪೇಟೆಯವನಿಗೆ ಎಲ್ಲವೂ ‘ದನ’. ಇದು ಭಾಷೆಯ ಪವಾಡವಲ್ಲ, ಕಸುಬಿನದು. ದಲ್ಲಾಳಿಯ ಜೊತೆ ಒಂದು ವರ್ಷ ಓಡಾಡಿದರೆ ಪೇಟೆಯವನಿಗೂ ಕಣ್ಣು ಬರುತ್ತದೆ.

ಭಾಷೆಯ ನಿಜವಾದ ಹಿಡಿತ ಕಾಣುವುದು ಅದು ‘ಹೇಳಲೇಬೇಕು’ ಎಂದು ಒತ್ತಾಯಿಸುವ ಕಡೆ. ಕಾಕಾ, ದೊಡ್ಡಪ್ಪ, ಸೋದರಮಾವ ಎಂಬವರನ್ನು ಇಂಗ್ಲಿಷು ‘ಅಂಕಲ್’ ಎಂಬ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ಇಲ್ಲಿ ಹಾಗೆ ಕಟ್ಟಲು ಬರುವುದಿಲ್ಲ. ಕಾಕಾನ ಮಕ್ಕಳು ಅಣ್ಣತಮ್ಮ, ಅಕ್ಕತಂಗಿಯರು. ಮಾವನ ಮಕ್ಕಳ ಜೊತೆ ಲಗ್ನಸಂಬಂಧವೂ ಆಗಬಹುದು. ಮಗುವಿನ ಜವಳಕ್ಕೆ ಮೊದಲ ಕೂದಲು ತೆಗೆಯುವ ಹಕ್ಕು ಸೋದರಮಾವನದು. ಸಂಬಂಧದ ಹೆಸರು ಹೇಳಿದೊಡನೆ ಹಕ್ಕು, ಹೊಣೆ, ನಾಚಿಕೆ ಎಲ್ಲವೂ ನೆನಪಾಗುತ್ತವೆ. ಹುಕ್ಕೇರಿಯ ಹೊಸ ಬಡಾವಣೆಯ ಮಗು ಬಾಡಿಗೆದಾರನಿಗೂ ಮಾವನಿಗೂ ‘ಅಂಕಲ್’ ಎಂದರೆ ಪ್ರೀತಿ ಕಡಿಮೆಯಾಗುವುದಿಲ್ಲ. ಆದರೆ ಜವಳದ ದಿನ ಯಾರನ್ನು ಮೊದಲು ಕರೆಯಬೇಕೆಂದು ಅದಕ್ಕೆ ಯಾರಾದರೂ ಬಿಡಿಸಿ ಹೇಳಬೇಕಾಗುತ್ತದೆ.

ಶಾಲೆ ಈ ಸೀಮೆಯ ಮಗುವಿನಿಂದ ಇನ್ನೂ ಒಂದನ್ನು ಕಸಿಯುತ್ತದೆ. ಮನೆಯಲ್ಲಿ ‘ಐತಿ’, ಪುಸ್ತಕದಲ್ಲಿ ‘ಇದೆ’. ‘ಐತಿ’ ಎಂದವನಿಗೆ ತಪ್ಪು ಮಾಡಿದ ಭಾವ ಬಂದರೆ ಅವನು ಬಾಯಿ ತೆರೆಯುವ ಮೊದಲೇ ಅರ್ಧ ಯೋಚನೆಯನ್ನು ತಿದ್ದಿಕೊಳ್ಳುತ್ತಾನೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಆ ತಿದ್ದುಪಡಿಗೆ ಒಪ್ಪದೆ ಊರ ಮಾತಿನಲ್ಲೇ ನಾಟಕ, ಕಾವ್ಯ ಕಟ್ಟಿದರು. 2010ನೇ ಸಾಲಿನ ಜ್ಞಾನಪೀಠ ಅವರಿಗೆ ಬಂತು. ಎಲ್ಲ ಮಕ್ಕಳಿಗೂ ಅಷ್ಟು ಗಟ್ಟಿತನ ಎಲ್ಲಿಂದ ಬರಬೇಕು?

ಇನ್ನು ‘ನಾವು’ ಎಂಬ ಪದ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಈ ಜಿಲ್ಲೆಯಲ್ಲಿ ಬಿಡದೆ ನಡೆದ ಜಗಳವೆಲ್ಲ ಈ ಪದದೊಳಗೆ ಯಾರು, ಹೊರಗೆ ಯಾರು ಎಂಬುದರದ್ದೇ. ಮರಾಠಿ ಅದನ್ನು ಎರಡಾಗಿ ಸೀಳುತ್ತದೆ: ಎದುರಿನವನೂ ಸೇರಿದರೆ ‘ಆಪಣ’, ಅವನನ್ನು ಬಿಟ್ಟರೆ ‘ಆಮ್ಹಿ’. ಕನ್ನಡದ ‘ನಾವು’ ಎರಡಕ್ಕೂ ಒಂದೇ. ಆದರೆ ನಮ್ಮ ಕ್ರಿಯಾಪದ ಕಳ್ಳದಾರಿಯಲ್ಲಿ ಆ ಭೇದವನ್ನು ಕಾಪಾಡಿಕೊಂಡಿದೆ. ‘ನಾವು ಹೋಗತೇವಿ’ ಎಂದರೆ ಕೇಳುವವನು ಹಿಂದೆ ಉಳಿದಂತೆ. ‘ಹೋಗೂಣು’ ಎಂದರೆ ಅವನೂ ಎದ್ದು ಚಪ್ಪಲಿ ಮೆಟ್ಟಬೇಕು. ಸಂಕೇಶ್ವರದ ಸಂತೆಯಲ್ಲಿ ಎರಡೂ ಭಾಷೆ ಬಲ್ಲ ವ್ಯಾಪಾರಿ ಒಬ್ಬ ಗಿರಾಕಿಗೆ ‘ಆಪಣ ಚಹಾ ಘೇಊ’ ಎನ್ನುತ್ತಾನೆ. ಕೂಡಲೇ ಈಚೆ ತಿರುಗಿ, ಕನ್ನಡದ ಗಿರಾಕಿಗೆ ‘ಬರ್ರಿ, ಚಾ ಕುಡಿಯೂಣು’ ಎಂದು ಕೂಗುತ್ತಾನೆ. ಮೂರು ಕಪ್ಪು ಚಹಾ ಬರುತ್ತದೆ.