ಹಸಿರಿದ್ದರೂ ಹಣ್ಣೇ

ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮ ಬೆಂಗಳೂರು ಮನೆಯ ಹಿತ್ತಲಲ್ಲಿ ಪ್ರತಿವರ್ಷ ಒಂದೇ ಜಗಳ. ಕಿತ್ತಳೆ ಗಿಡ ತೋರಿಸಿ “ಇನ್ನೂ ಕಾಯಿ, ಮುಟ್ಟಬೇಡ” ಎನ್ನುತ್ತಾರೆ ಅತ್ತೆ. ನಾನು ಆಗಲೇ ಒಂದನ್ನು ಕದ್ದು ಸುಲಿದು ತಿಂದಾಗಿರುತ್ತದೆ. ಸಿಪ್ಪೆ ಹಸಿರು, ತೊಳೆ ಸಿಹಿ. ಹಣ್ಣಿನ ಹೆಸರೇ ಬಣ್ಣದ ಹೆಸರೂ ಆಗಿರುವಾಗ ಅತ್ತೆಯನ್ನು ದೂರಿ ಫಲವಿಲ್ಲ.

ಆದರೆ ಸಿಪ್ಪೆಯ ಬಣ್ಣವೇ ಬೇರೆ, ತೊಳೆಯ ಮಾಗುವಿಕೆಯೇ ಬೇರೆ. ಕಾಯಿಯ ಸಿಪ್ಪೆಯಲ್ಲಿ ಎಲೆಯಲ್ಲಿರುವಂತೆಯೇ ಪತ್ರಹರಿತ್ತು ಇರುತ್ತದೆ. ಅದು ಕರಗಿದಾಗಲೇ ಹಳದಿ, ಕೇಸರಿ ವರ್ಣದ್ರವ್ಯಗಳು ಕಣ್ಣಿಗೆ ಬೀಳುವುದು. ಅದನ್ನು ಕರಗಿಸುವುದು ಮುಖ್ಯವಾಗಿ ಚಳಿ. ರಾತ್ರಿಯ ಉಷ್ಣಾಂಶ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತಿದ್ದರೆ ಬಣ್ಣ ಚೆನ್ನಾಗಿ ತಿರುಗುತ್ತದೆ. ಕೊಡಗಿನ ಕಾಫಿ ತೋಟಗಳ ಕಿತ್ತಳೆಗೆ ಡಿಸೆಂಬರಿನಲ್ಲಿ ಈ ಭಾಗ್ಯವಿದೆ. ಅದೇ ಗಿಡವನ್ನು ಕರಾವಳಿಯ ಸೆಕೆಯಲ್ಲಿ ನೆಟ್ಟು ನೋಡಿ, ಹಣ್ಣಾದರೂ ಹಸಿರು ಬಿಡಲೊಲ್ಲದು. ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿ ಜನ ಹಸಿರು ಸಿಪ್ಪೆಯ ಸಿಹಿ ಹಣ್ಣನ್ನು ಅನುಮಾನವಿಲ್ಲದೆ ಕೊಳ್ಳುತ್ತಾರೆ. ವೆಲೆನ್ಸಿಯಾ ಎಂಬ ತಳಿಯದಂತೂ ಇನ್ನೂ ವಿಚಿತ್ರ: ಮರದಲ್ಲೇ ಬಣ್ಣ ತಿರುಗಿದ ಹಣ್ಣು, ಬಿಸಿಲು ಏರಿದಾಗ ಮತ್ತೆ ಹಸಿರಾಗುತ್ತದೆ, ಒಳಗಿನ ಸಿಹಿ ಹಾಗೇ ಇರುತ್ತದೆ. ಅಂಗಡಿಯಲ್ಲಿ ಒಂದೇ ಅಚ್ಚಿನಲ್ಲಿ ತೆಗೆದಂತೆ ಹೊಳೆಯುವ ಹಣ್ಣುಗಳಲ್ಲಿ ಎಷ್ಟೋ ಎಥಿಲೀನ್ ಅನಿಲ ತುಂಬಿದ ಕೋಣೆಯಲ್ಲಿ ಹಸಿರು ಕಳಕೊಂಡು ಬಂದವು. ಆ ಅನಿಲ ಸಿಪ್ಪೆಗೆ ಬಣ್ಣ ಕೊಡುತ್ತದೆ, ತೊಳೆಗೆ ಏನನ್ನೂ ಕೊಡುವುದಿಲ್ಲ.

ಮಾವಿನಕಾಯಿಯನ್ನು ಹುಲ್ಲಿನಲ್ಲಿ, ಸಪೋಟವನ್ನು ಅಕ್ಕಿ ಡಬ್ಬಿಯಲ್ಲಿ ಹಣ್ಣಾಗಿಸಿ ರೂಢಿಯಾದ ಕೈಗಳು ಕಿತ್ತಳೆಯನ್ನೂ ಅಲ್ಲೇ ಹೂತಿಡುತ್ತವೆ. ಇದು ವ್ಯರ್ಥ. ಮಾವು, ಬಾಳೆಗಳು ಬಲಿಯುವಾಗ ಪಿಷ್ಟ ಕೂಡಿಟ್ಟುಕೊಂಡಿರುತ್ತವೆ. ಕಿತ್ತ ಮೇಲೆ ಅದೇ ಸಕ್ಕರೆಯಾಗುತ್ತದೆ. ಕಿತ್ತಳೆ, ಮೂಸಂಬಿ, ಚಕ್ಕೋತಗಳಿಗೆ ಅಂಥ ಗಂಟಿಲ್ಲ. ಎಲೆ ಮಾಡಿದ ಸಕ್ಕರೆ ತೊಟ್ಟಿನ ಮೂಲಕ ಬರುತ್ತಿರಬೇಕು. ತೊಟ್ಟು ಕಳಚಿದ ದಿನ ಆ ದಾರಿ ಮುಚ್ಚಿತು. ಡಬ್ಬಿಯಲ್ಲಿಟ್ಟದ್ದು ವಾರ ಕಳೆದು ಮೆತ್ತಗಾದರೆ ಅದು ಬಾಡಿದ್ದು, ಮಾಗಿದ್ದಲ್ಲ.

ಹಾಗಾದರೆ ಕೀಳುವುದು ಯಾವಾಗ? ಲೆಕ್ಕ ಹೂವಿನಿಂದ ಶುರುವಾಗಬೇಕು. ಕೊಡಗಿನ ಕಿತ್ತಳೆಯ ಮುಖ್ಯ ಬೆಳೆಗೆ ಹೂ ಬೇಸಿಗೆಯ ಹೊಸ್ತಿಲಲ್ಲಿ. ಹಣ್ಣಾಗಲು ಒಂಬತ್ತು ತಿಂಗಳ ಆಸುಪಾಸು ಬೇಕು. ಆಮೇಲೆ ಕೈಗೆ ಭಾರ ಅನ್ನಿಸಬೇಕು, ಸಿಪ್ಪೆ ತೊಳೆಯಿಂದ ಸಡಿಲವಾಗಿರಬೇಕು. ಕೊನೆಗೆ, ಒಂದನ್ನು ತಿಂದು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದೂ ಇಲ್ಲ. ಎಳೆದು ಕಿತ್ತರೆ ತೊಟ್ಟಿನ ಬಳಿ ಸಿಪ್ಪೆ ಹರಿದು ಹಣ್ಣು ಬೇಗ ಕೊಳೆಯುತ್ತದೆ, ಕತ್ತರಿ ಬಳಸಿ. ಹಾಗೆಂದು ಮರದಲ್ಲೇ ಬಿಟ್ಟಷ್ಟೂ ಸಿಹಿ ಎಂದು ಶಿವರಾತ್ರಿಯವರೆಗೆ ಕಾಯಬೇಡಿ. ತೊಳೆಯೊಳಗಿನ ಎಸಳು ರಸವಾರಿ ಬೆಂಡಾಗುತ್ತದೆ, ಮುಂದಿನ ವರ್ಷದ ಹೂವಿಗೂ ಪೆಟ್ಟು. ಇನ್ನು ಬುಡದಲ್ಲಿ ಉದುರಿದ ಹಳದಿ ನಿಂಬೆಯನ್ನು ಕೆಟ್ಟದ್ದೆಂದು ಗುಡಿಸಿಹಾಕುವವರಿಗೆ ಒಂದು ಮಾತು: ಪೂರ್ತಿ ಹಣ್ಣಾದದ್ದು ಅದೇ, ರಸ ಹೆಚ್ಚಿರುವುದೂ ಅದರಲ್ಲೇ.

“ಪಕ್ಕದಲ್ಲಿ ನಿಂಬೆ ನೆಟ್ಟಿದ್ದಕ್ಕೆ ಕಿತ್ತಳೆ ಹುಳಿಯಾಯಿತು” ಎಂಬ ದೂರನ್ನು ನಾನು ಮೂರು ಮನೆಗಳಲ್ಲಾದರೂ ಕೇಳಿದ್ದೇನೆ. ಪರಾಗದ ಪ್ರಭಾವ ಬೀಜದ ಮೇಲೆ. ತೊಳೆ ಪೂರ್ತಿ ತಾಯಿಮರದ್ದೇ. ನೆರೆಯ ಗಿಡದಿಂದ ಹೆಚ್ಚೆಂದರೆ ಬೀಜ ಹೆಚ್ಚೀತು. ಸಿಹಿ ಗಿಡ ನಿಜವಾಗಿಯೂ ಹುಳಿ ಕೊಡಲು ಶುರುಮಾಡಿದ್ದರೆ ಬಗ್ಗಿ ಬುಡ ನೋಡಿ. ನರ್ಸರಿಯಲ್ಲಿ ಸಿಹಿ ತಳಿಯ ಕಣ್ಣನ್ನು ಕಾಡುನಿಂಬೆ, ರಂಗಪುರ ನಿಂಬೆಯಂಥ ಗಟ್ಟಿ ಬೇರಿನ ಗಿಡಕ್ಕೆ ಕಸಿ ಕಟ್ಟಿರುತ್ತಾರೆ. ಕಸಿ ಗಂಟಿನ ಕೆಳಗಿನಿಂದ ಮುಳ್ಳುಮುಳ್ಳಾಗಿ ನೆಟ್ಟಗೆ ಎದ್ದ ಚಿಗುರನ್ನು “ಎಷ್ಟು ಚೆನ್ನಾಗಿ ಬರ್ತಿದೆ” ಎಂದು ಮುದ್ದು ಮಾಡಿದ ಮನೆಯಲ್ಲಿ, ನಾಲ್ಕು ವರ್ಷದಲ್ಲಿ ಮೇಲಿನ ಕಿತ್ತಳೆ ಸೊರಗಿ ಕೆಳಗಿನ ನಿಂಬೆ ಯಜಮಾನನಾಗುತ್ತದೆ. ಆ ಚಿಗುರನ್ನು ಕಂಡ ದಿನವೇ ಬುಡಸಹಿತ ಮುರಿದುಹಾಕಬೇಕು.

ಬೀಜದ ಗಿಡ ತಾಯಿಯಂತೆ ಬರುವುದಿಲ್ಲ ಎಂಬುದೂ ಅರ್ಧ ಸತ್ಯ. ಕಿತ್ತಳೆ, ನಿಂಬೆಯ ಒಂದೊಂದು ಬೀಜದಲ್ಲಿ ಹಲವು ಭ್ರೂಣಗಳಿದ್ದು, ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಮೂಡಿದವು. ಅವು ತಾಯಿಯ ಪಡಿಯಚ್ಚು. ಫಲಕ್ಕೆ ಮಾತ್ರ ಕಸಿಗಿಡಕ್ಕಿಂತ ವರ್ಷಗಟ್ಟಲೆ ಹೆಚ್ಚು ಕಾಯಬೇಕು. ಚಕ್ಕೋತದ ಬೀಜದಲ್ಲಿ ಭ್ರೂಣ ಒಂದೇ, ಅದೂ ಪರಾಗದಿಂದ ಆದದ್ದು. ದೇವನಹಳ್ಳಿಯಿಂದ ತಂದ ಚಕ್ಕೋತದ ಬೀಜ ಬಿತ್ತಿ ಅದೇ ರುಚಿ ನಿರೀಕ್ಷಿಸಿದವರು ಮೋಸಹೋಗುವುದು ಇದಕ್ಕೇ.

ಕೊನೆಯ ಜಗಳ ಮಕ್ಕಳದು. ಚಳಿಯಲ್ಲಿ ಕಿತ್ತಳೆ ತಿಂದರೆ ನೆಗಡಿ ಎಂದು ಅತ್ತೆ, ಕಿತ್ತಳೆ ತಿಂದರೆ ನೆಗಡಿಯೇ ಬರದು ಎಂದು ನಾನು. ನೆಗಡಿ ಬರುವುದು ವೈರಸ್‌ನಿಂದ. ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ, ಹಾಗಾಗಿ ಅತ್ತೆ ಸೋತರು. ನಾನೂ ಗೆಲ್ಲಲಿಲ್ಲ. ಸಿ ಜೀವಸತ್ವ ನೆಗಡಿ ತಡೆಯುತ್ತದೆಂಬ ಮಾತು ಮನೆಮಾತಾದದ್ದು ನೊಬೆಲ್ ಪುರಸ್ಕೃತ ಲೈನಸ್ ಪಾಲಿಂಗ್ 1970ರಲ್ಲಿ ಬರೆದ ಪುಸ್ತಕದಿಂದ. ಆಮೇಲಿನ ಪರೀಕ್ಷೆಗಳು ಅಷ್ಟನ್ನು ಒಪ್ಪಲಿಲ್ಲ: ಅದನ್ನು ದಿನವೂ ಸೇವಿಸುವವರಿಗೆ ಬಂದ ನೆಗಡಿ ತುಸು ಬೇಗ ಹೋಗುತ್ತದೆ, ಬರುವುದೇನೂ ತಪ್ಪುವುದಿಲ್ಲ. ಸಿ ಜೀವಸತ್ವವೇ ಬೇಕೆಂದರೂ 100 ಗ್ರಾಂ ಕಿತ್ತಳೆಯಲ್ಲಿ ಇರುವುದು ಹೆಚ್ಚೆಂದರೆ 50 ಮಿಲಿಗ್ರಾಂ ಆಸುಪಾಸು. ಅಷ್ಟೇ ತೂಕದ ಸೀಬೆಹಣ್ಣಿನಲ್ಲಿ 200ರ ಹತ್ತಿರ. ಸೀಬೆ ಗಿಡ ಇರುವುದು ಪಕ್ಕದ ಮನೆಯ ಕಾಂಪೌಂಡಿನಲ್ಲಿ.