ಹದಿನಾಲ್ಕೋ, ನಲವತ್ತೊಂದೋ? ಎಲೆ ಹಾಕಿ ಹೇಳಿ!

ಒನ್, ಟೂ, ತ್ರೀ ಅಂತ ನೂರರವರೆಗೆ ಗಡಗಡ ಹೇಳೋ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಒಮ್ಮೆ ಸಾಲು ತಪ್ಪಿಸಿ, ನಡುವಿನಿಂದ ‘ಫೋರ್ಟೀನ್ ಬರಿ’ ಅಂದು ನೋಡಿ. ಸಿರುಗುಪ್ಪದಲ್ಲಿರೋ ನಮ್ಮ ಅಕ್ಕನ ಇಬ್ಬರು ಮಕ್ಕಳಿಗೆ ಹಾಗೆ ಹೇಳಿದಾಗ ದೊಡ್ಡವನು 40 ಬರೆದ, ಚಿಕ್ಕವಳು 41 ಬರೆದಳು. ಇಬ್ಬರೂ ದಡ್ಡರಲ್ಲ. ಇಪ್ಪತ್ತರ ಮಗ್ಗಿ ಕೇಳಿದರೆ ನನಗಿಂತ ಬೇಗ ಹೇಳ್ತಾರೆ.

ಸ್ವಲ್ಪ ಯೋಚಿಸಿದರೆ ತಪ್ಪು ಎಲ್ಲಿ ಹುಟ್ಟುತ್ತೆ ಅಂತ ಗೊತ್ತಾಗುತ್ತೆ. ಕನ್ನಡದಲ್ಲಿ ಹದಿನಾಲ್ಕು ಅಂದರೆ ಮೊದಲು ಹತ್ತು, ಆಮೇಲೆ ನಾಲ್ಕು. ತೆಲುಗಿನ ಪದ್ನಾಲುಗು ಕೂಡ ಹಾಗೇ; ಸಿರುಗುಪ್ಪದ ಕಡೆ ಎಷ್ಟೋ ಮನೆಗಳಲ್ಲಿ ಎರಡೂ ಭಾಷೆ ಓಡಾಡುತ್ತವೆ. ಇಂಗ್ಲಿಷ್ ಮಾತ್ರ ಈ ಏಳೆಂಟು ಸಂಖ್ಯೆಗಳಲ್ಲಿ ತಲೆಕೆಳಗು. ‘ಫೋರ್’ ಮೊದಲು ಕಿವಿಗೆ ಬೀಳುತ್ತೆ, ಮಗು 4 ಬರೆದೇ ಬಿಡುತ್ತೆ, ಪಕ್ಕದಲ್ಲಿ ಹತ್ತಿನ 1 ಕೂರಿಸುತ್ತೆ. ಇಪ್ಪತ್ತು ದಾಟಿದ ಮೇಲೆ ತೊಂದರೆಯಿಲ್ಲ: ನಲವತ್ತೇಳು, ಫಾರ್ಟಿ ಸೆವೆನ್, ಎರಡರದ್ದೂ ಒಂದೇ ಕ್ರಮ. ಸೈಂತಾಲೀಸ್ ಅಂತ ಪ್ರತಿಯೊಂದನ್ನೂ ಬೇರೆಯಾಗಿ ನೆನಪಿಡಬೇಕಾದ ಹಿಂದಿ, ಉರ್ದು ಮಕ್ಕಳಿಗಿಂತ ನಮ್ಮ ಮಕ್ಕಳಿಗೆ ಇದು ಸುಲಭವೇ.

ಎರಡನೇ ತೊಡಕು ಕಿವಿಯದ್ದು. ಫಿಫ್ಟೀನ್, ಫಿಫ್ಟಿ. ಥರ್ಟೀನ್, ಥರ್ಟಿ. ಕೊನೆಯ ‘ಟೀನ್’ ಎಳೆದು ಹೇಳದಿದ್ದರೆ ಎರಡೂ ಒಂದೇ ಥರ ಕೇಳುತ್ತೆ. ಕನ್ನಡದ ಹದಿನೈದು, ಐವತ್ತರಲ್ಲಿ ಇಂಥ ಗೊಂದಲವೇ ಇಲ್ಲ.

ಇದು ಬರೀ ಶಾಲೆ ಮಾರ್ಕ್ಸಿನ ಮಾತಲ್ಲ. ಕುರುಗೋಡಿನಲ್ಲಿ ನಮ್ಮ ಅತ್ತೆ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಯುಪಿಐ ಬಂದ ಮೇಲೆ ಗಲ್ಲಾಪೆಟ್ಟಿಗೆ ಪಕ್ಕ ದುಡ್ಡು ಬಂತೆಂದು ಕೂಗೋ ಸ್ಪೀಕರ್ ಕೂತಿದೆ. ಅದು ಕೂಗೋದು ಇಂಗ್ಲಿಷಿನಲ್ಲಿ. ಐವತ್ತು ಬರಬೇಕಾದ ಕಡೆ ಹದಿನೈದು ಬಂದರೆ, ಗಿರಾಕಿ ಮೆಟ್ಟಿಲಿಳಿಯುವ ಮೊದಲೇ ಅತ್ತೆಗೆ ತಿಳಿಯಬೇಕು. ಇಲ್ಲದಿದ್ದರೆ ಒಂದು ಬಾರಿಗೆ ಮೂವತ್ತೈದು ರೂಪಾಯಿ ಹೋಯಿತು. ‘ಅತ್ತೆ, ಕನ್ನಡಕ್ಕೆ ಬದಲಾಯಿಸಿ ಕೊಡ್ತೀನಿ’ ಅಂದೆ. ‘ಬ್ಯಾಡ ಬಿಡವ್ವ, ಹಂಗೇ ಇರ್ಲಿ. ನಾನೂ ನಾಲ್ಕು ಅಕ್ಷರ ಕಲೀತೀನಿ’ ಅಂದರು. ಹಾಗಾಗಿ ನಮ್ಮ ಆಟದ ಗುಂಪಿಗೆ ಅವರೂ ಸೇರಿದರು.

ಎಲೆಯಾಟ ಅಂದ ಕೂಡಲೇ ನಮ್ಮ ಕಡೆ ಹಿರಿಯರು ಮುಖ ಸಿಂಡರಿಸೋದು ಸಹಜ. ಇಸ್ಪೀಟ್ ಅಂದರೆ ಅಂದರ್ ಬಾಹರ್, ಪೊಲೀಸ್ ರೇಡು, ಮನೆ ಹಾಳು. ಆ ಭಯ ಸುಳ್ಳೂ ಅಲ್ಲ. ನಮ್ಮ ಮನೆಯಲ್ಲಿ ಅದಕ್ಕೇ ಒಂದು ಕಟ್ಟುನಿಟ್ಟು: ದುಡ್ಡು, ಕಡಲೆಬೀಜ, ಚಾಕೊಲೇಟು, ಏನನ್ನೂ ಪಣಕ್ಕಿಡುವಂತಿಲ್ಲ. ಇನ್ನು ಕಾರ್ಡು ಹಿಡಿದು ಕಲಿಯೋದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ‘ನಲಿ ಕಲಿ’ ನಿಂತಿರೋದೇ ಕಲಿಕಾ ಕಾರ್ಡುಗಳ ಮೇಲೆ. 2007-08ರಿಂದ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕೂಡ ಇದೆ. ಆದರೆ ಸಂಖ್ಯೆಯನ್ನು ಮತ್ತೆ ಮತ್ತೆ, ಕ್ರಮ ತಪ್ಪಿಸಿ ಕೇಳೋಕೆ ಒಬ್ಬ ಟೀಚರಿಗೆ ಪುರುಸೊತ್ತು ಎಲ್ಲಿ? ಎಲೆ ಕಲೆಸಿದರೆ ಆ ಕೆಲಸ ತಾನಾಗೇ ಆಗುತ್ತೆ.

ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಜೋಡಿ ಕೇಳೋ ಆಟ. ಹಳೇ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ. ಮುದ್ರಣವಿಲ್ಲದ ಕಡೆ 13ರಿಂದ 19 ಮತ್ತು 30, 40, 50 ಹೀಗೆ 90ರವರೆಗೆ ಬರೆಯಿರಿ, ಪ್ರತಿ ಸಂಖ್ಯೆಗೆ ಎರಡು ಎಲೆ. ಒಟ್ಟು 28. ನಾಲ್ಕು ಜನಕ್ಕೆ ನಾಲ್ಕು ನಾಲ್ಕು ಹಂಚಿ, ಉಳಿದದ್ದನ್ನು ನಡುವೆ ಬೋರಲು ಇಡಿ. ನಿಮ್ಮ ಕೈಯಲ್ಲಿ 15 ಇದ್ದರೆ ಅದರ ಜೋಡಿಗಾಗಿ ಯಾರನ್ನಾದರೂ ‘ಡು ಯು ಹ್ಯಾವ್ ಫಿಫ್ಟೀನ್?’ ಅಂತ ಕೇಳಬೇಕು. ಇದ್ದರೆ ಅವರು ಕೊಡಲೇಬೇಕು. ಇಲ್ಲದಿದ್ದರೆ ‘ನೋ’ ಅಂತಾರೆ, ನೀವು ನಡುವಿನಿಂದ ಒಂದು ಎಳೆದುಕೊಳ್ಳಬೇಕು. ಬೆರಳು ತೋರಿಸಂಗಿಲ್ಲ, ಎಲೆ ತೋರಿಸಂಗಿಲ್ಲ, ಬಾಯಲ್ಲೇ ಕೇಳಬೇಕು. ಹದಿನೈದು ಕೇಳಿದವನಿಗೆ ಐವತ್ತು ಕೊಟ್ಟರೆ ಕೊಟ್ಟವರ ಒಂದು ಸರದಿ ಹೋಯಿತು.

ಇಲ್ಲಿ ಟೀಚರ್ ಬೇಕಾಗೋದೇ ಇಲ್ಲ. ಗೊಣಗಿದರೆ ಬೇರೆ ಎಲೆ ಬರುತ್ತೆ, ಹಾಗಾಗಿ ಮಕ್ಕಳೇ ‘ಫಿಫ್‌ಟೀ...ನ್’ ಅಂತ ಎಳೆಯೋಕೆ ಶುರು ಮಾಡ್ತಾರೆ. ದೊಡ್ಡವರಿಗೆ ನನ್ನದೊಂದು ವಿನಂತಿ, ನಡುವೆ ಬಾಯಿ ಹಾಕಿ ತಿದ್ದಬೇಡಿ. ತಿದ್ದಿದರೆ ಆಟ ಹೋಗಿ ಟ್ಯೂಷನ್ ಆಗುತ್ತೆ.

ಇಸ್ಪೀಟ್ ಕಟ್ಟೇ ಮನೆಯಲ್ಲಿದ್ದರೆ ರಾಜ, ರಾಣಿ, ಗುಲಾಮ, ಜೋಕರು ಮತ್ತು ಹತ್ತುಗಳನ್ನು ತೆಗೆದಿಡಿ. ಉಳಿದ 36 ಎಲೆಗಳಲ್ಲಿ ಎಕ್ಕ ಅಂದರೆ ಒಂದು. ಪ್ರತಿಯೊಬ್ಬರೂ ಎರಡೆರಡು ಎಳೆದು, ಅವನ್ನು ಪಕ್ಕಪಕ್ಕ ಇಟ್ಟು ಸಂಖ್ಯೆ ಮಾಡಿ ಇಂಗ್ಲಿಷಿನಲ್ಲಿ ಹೇಳಬೇಕು. ದೊಡ್ಡ ಸಂಖ್ಯೆ ಹೇಳಿದವರು ಗೆದ್ದಂತೆ. ನಾಲ್ಕು, ಏಳು ಬಂದವರು ಸೆವೆಂಟಿ ಫೋರ್ ಅಂತಾರೆ. ಮಜಾ ಬರೋದು ಎಕ್ಕ ಮತ್ತು ನಾಲ್ಕು ಒಟ್ಟಿಗೆ ಬಂದಾಗ. ಅದು ಫಾರ್ಟಿ ಒನ್ನೂ ಆಗಬಹುದು, ಫೋರ್ಟೀನೂ ಆಗಬಹುದು! ನಮ್ಮ ಚಿಕ್ಕವಳ ಗೊಂದಲ ಬಿಡಿಸಿದ್ದು ಇದೇ ಎರಡು ಎಲೆ. ಈಗ ‘ಚಿಕ್ಕಮ್ಮ, ಸಣ್ಣದು ಗೆಲ್ಲೋ ಆಟ ಆಡೋಣ’ ಅಂತ ಆಕೆಯೇ ನಿಯಮ ತಿರುಗಿಸ್ತಾಳೆ.

ದುಡ್ಡಿನ ಆಟಕ್ಕೆ ನೋಟಿನ ಎಲೆ ಬೇಕು. ದಯವಿಟ್ಟು ಅಸಲಿ ನೋಟನ್ನು ಜೆರಾಕ್ಸ್ ಮಾಡಿಸಬೇಡಿ, ಅದು ಕಾನೂನು ಪ್ರಕಾರ ತಪ್ಪು. ಬಿಳಿ ಎಲೆಗೆ ಬಣ್ಣ ಬಳಿದರೆ ಸಾಕು: ಹತ್ತಕ್ಕೆ ಕಂದು, ಐವತ್ತಕ್ಕೆ ನೀಲಿ, ನೂರಕ್ಕೆ ತಿಳಿ ನೇರಳೆ. ಐವತ್ತರ ಹೊಸ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದರೂ ಬಳ್ಳಾರಿಯವರು ಅದನ್ನು ‘ನಮ್ಮ ರಥ’ ಅನ್ನೋದು ಬಿಟ್ಟಿಲ್ಲ. ನೋಟಿನ ಮೇಲಿನ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡ ಎಷ್ಟನೆಯದು ಅಂತಲೂ ಮಕ್ಕಳು ಹುಡುಕಲಿ. ನಾಲ್ಕನೆಯದು.

ಬೆಲೆ ಬರೆದ ಎಲೆಗಳು ಬೇರೆ ಕಟ್ಟು: 18, 37, 64, 85 ಹೀಗೆ. ಒಬ್ಬರು ಅಂಗಡಿಯವರು, ಒಬ್ಬರು ಗಿರಾಕಿ. ಅಂಗಡಿಯವರು ಬೆಲೆಯ ಎಲೆ ಎತ್ತಿ, ತೋರಿಸದೆ ‘ಥರ್ಟಿ ಸೆವೆನ್ ರುಪೀಸ್’ ಅಂತಾರೆ. ಗಿರಾಕಿ ಐವತ್ತು ಕೊಟ್ಟರೆ ಚಿಲ್ಲರೆ ಕೊಡೋದಕ್ಕೆ ಕಳೆಯೋ ಲೆಕ್ಕ ಬೇಡ. ಒಂದೊಂದು ರೂಪಾಯಿ ಇಡುತ್ತಾ ಥರ್ಟಿ ಎಯ್ಟ್, ಥರ್ಟಿ ನೈನ್, ಫಾರ್ಟಿ, ಮೇಲೊಂದು ಹತ್ತರ ನೋಟಿಟ್ಟು ಫಿಫ್ಟಿ. ಕೊಟ್ಟದ್ದು ಥರ್ಟೀನ್. ‘ಟೆನ್ ರುಪೀಸ್’ ಆದರೆ ‘ಟೆನ್ ರುಪೀ ನೋಟ್’ ಅನ್ನೋ ವ್ಯತ್ಯಾಸವೂ ಆಡ್ತಾ ಆಡ್ತಾ ನಾಲಿಗೆಗೆ ಕೂರುತ್ತೆ. ಅತ್ತೆ ಈ ಆಟದಲ್ಲಿ ಯಾರಿಗೂ ಸೋಲಲ್ಲ, ಚಿಲ್ಲರೆ ಲೆಕ್ಕ ಅವರಿಗೆ ಮೊದಲೇ ಕೈಯಲ್ಲಿತ್ತು, ಮಾತಷ್ಟೇ ಹೊಸದು.

ಬಳ್ಳಾರಿಯಲ್ಲಿ ನಮ್ಮ ಪಕ್ಕದ ಮನೆ ಅಕ್ಕ ಜೀನ್ಸ್ ಹೊಲಿಯುವವರು. ‘ನಂಗ ಇಂಗ್ಲಿಷ್ ಎಲ್ಲಿ ಬರ್ತೈತ್ರಿ’ ಅಂತ ದೂರ ಕೂತಿದ್ದರು. ‘ಅಕ್ಕ, ಸೊಂಟದ ಸೈಜು ಏನೇನ್ರಿ?’ ಅಂದೆ. ಟ್ವೆಂಟಿಎಯ್ಟ್, ಥರ್ಟಿ, ಥರ್ಟಿಟೂ, ಥರ್ಟಿಫೋರ್ ಅಂತ ಒಂದೇ ಉಸಿರಿಗೆ ಹೇಳಿದರು. ಆ ಸೈಜುಗಳನ್ನೇ ಎಲೆ ಮೇಲೆ ಬರೆದು ಶುರು ಮಾಡಿಸಿದೆ. ಈಗ ಅವರಿಗೆ ಬೇಕಾಗಿರೋದು ಫೋನ್ ನಂಬರು. ಯಾರೋ ‘ಡಬಲ್ ನೈನ್, ತ್ರಿಬಲ್ ಫೋರ್’ ಅಂದರೆ ಬರೆದುಕೊಳ್ಳೋದು ಹೇಗೆ ಅಂತ. ಈ ಭಾನುವಾರ ಅದಕ್ಕೊಂದು ಕಟ್ಟು ಕತ್ತರಿಸಬೇಕು. ಮನೆಯಲ್ಲಿ ಲಗ್ನಪತ್ರಿಕೆ ಖಾಲಿಯಾಗಿವೆ, ಅತ್ತೆ ಅಂಗಡಿಯಿಂದ ರಟ್ಟಿನ ಡಬ್ಬಿ ತರಬೇಕು.